ದಮ್ಮು

ಲಾನ್ಸೆಸ್ಟನ್ನಿನಲ್ಲಿ ಜುಲೈ. ಐದಕ್ಕೇ ಕತ್ತಲು.
ಗಾಳಿಯಾಡದ ರಾತ್ರಿ ಟೇಮರ್ ಕಣಿವೆ
ಮುಚ್ಚಳ ಹಾಕಿದ ಬೋಗುಣಿ.
ಊರಿನ ಚಿಮಣಿಗಳೆಲ್ಲ ಉಸಿರು ಬಿಡುತ್ತವೆ,
ಒಳಗೆಳೆದುಕೊಳ್ಳುವ ಕೆಲಸ ಜನರದ್ದು.

ಇಂಥ ರಾತ್ರಿ ನೆಬ್ಯುಲೈಸರಿನ ಮಾಸ್ಕು
ಹತ್ತು ಹೆಚ್ಚಿಗೆ ತೆಗೆದಿಡುತ್ತೇನೆ.
ಹವಾಮಾನ ವರದಿ ಬೇಕಿಲ್ಲ ನನಗೆ,
ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆರೆದರೆ ಸಾಕು,
ಹಸಿ ನೀಲಗಿರಿ ಸುಟ್ಟ ಸಿಹಿ ಕಮಟು
ಮೂಗಿಗೇ ಬಂದು ಹೇಳುತ್ತದೆ.
ಗಾಳಿ ಬೀಸಿದ ರಾತ್ರಿ ನಾವು ಚಹಾ ಕುಡಿಯುತ್ತೇವೆ,
ಕಾರಿಡಾರಿನಲ್ಲಿ ನಮ್ಮದೇ ಹೆಜ್ಜೆ ಕೇಳಿಸುತ್ತದೆ.
ಇವತ್ತು ಅದಲ್ಲ.

ಒಂಬತ್ತೂವರೆಗೆ ಫ್ಲಿನ್, ಏಳು ವರ್ಷ.
ಪೈಜಾಮದ ಮೇಲೆ ಫುಟ್‌ಬಾಲ್ ಜರ್ಸಿ.
ಪ್ರತಿ ಉಸಿರಿಗೂ ಕೊರಳ ಬುಡದಲ್ಲಿ
ಹೆಬ್ಬೆಟ್ಟು ಒತ್ತಿದಂಥ ಗುಳಿ.
ಈ ಚಳಿಗಾಲ ಎಷ್ಟನೇ ಸಲ ಎಂದರೆ ಅವನಮ್ಮ
ಬೆರಳು ಮಡಿಸುತ್ತಾ ಹೋಗಿ
ಇನ್ನೊಂದು ಕೈಗೆ ಬಂದಳು.

ಹನ್ನೊಂದಕ್ಕೆ ಧನಮಾಯಾ.
ಭೂತಾನಿನಿಂದ ಅಟ್ಟಿಸಿಕೊಂಡವಳು,
ನೇಪಾಳದ ಶಿಬಿರದಲ್ಲಿ ಹದಿನೆಂಟು ವರ್ಷ
ಒಲೆ ಊದಿದವಳು.
ಮೊಮ್ಮಗಳು ತರ್ಜುಮೆ ಮಾಡಿದಳು:
"ನಮ್ಮ ಮನೆಯಲ್ಲಿ ಈಗ ಕರೆಂಟಿನ ಹೀಟರು.
ಹಾಗಾದರೆ, ಅಜ್ಜಿ ಕೇಳುತ್ತಿದ್ದಾಳೆ,
ಎದೆಯಲ್ಲಿ ಕೂತಿರುವುದು ಯಾರ ಮನೆಯ ಹೊಗೆ?"
ಬೆಂಕಿಯಿಲ್ಲದೆ ಹೊಗೆಯಾಡುವುದೇ ಎಂಬ ಮಾತು
ನಾಲಿಗೆಯ ತನಕ ಬಂದು ನಿಂತಿತು.
ಗಾದೆ ಕಟ್ಟಿದವರು ಈ ಕಣಿವೆ ನೋಡಿಲ್ಲ.

ಒಂದು ಗಂಟೆಗೆ ಹಾಸಿಗೆಗಳು ಮುಗಿದವು.
ಹೊರಗೆ ಇಳಿಜಾರಿನಲ್ಲಿ ಆಂಬುಲೆನ್ಸುಗಳ ಸಾಲು,
ಒಳಗಿನ ರೋಗಿಗೆ ಚಳಿಯಾದೀತೆಂದು
ಎಂಜಿನ್ ಆರಿಸದೆ ಕಾಯುತ್ತಾ,
ತಮ್ಮ ಪಾಲಿನದನ್ನೂ ಸೇರಿಸುತ್ತಾ.

ಕಂಪ್ಯೂಟರು ಕಾರಣ ಕೇಳುತ್ತದೆ.
ಉಬ್ಬಸ. ನ್ಯುಮೋನಿಯಾ. ಎದೆನೋವು. ಒಂದನ್ನು ಆರಿಸಿ.
ನಮ್ಮ ಮಾತಿನಲ್ಲಿ ದಮ್ಮು ಎಂದರೆ ರೋಗ,
ದಮ್ಮು ಎಂದರೆ ಬೀಡಿಯ ಎಳೆತ,
ದಮ್ಮಿದ್ದರೆ ಬಾ ಎಂದರೆ ಜಗಳ.
ಈ ಪಟ್ಟಿಯಲ್ಲಿ ಜಗಳಕ್ಕೆ ಜಾಗವಿಲ್ಲ,
ಯಾರ ಮೇಲೆ ಎಂಬುದಕ್ಕಂತೂ ಇಲ್ಲವೇ ಇಲ್ಲ.

ಎರಡೂಕಾಲಕ್ಕೆ ತಂದರು ಮರ್ವ್ ಡಾರ್ನಾಫನನ್ನು.
ಎಪ್ಪತ್ತನಾಲ್ಕು. ತುಟಿ ನೇರಳೆ.
ತೋಳಿಗೆ ಇನ್ನೂ ಅಂಟಿಕೊಂಡ ಗರಗಸದ ಹೊಟ್ಟು.
ಮಾಸ್ಕಿನೊಳಗಿಂದ ನನ್ನ ಹೆಸರು ಹಿಡಿದು ಕರೆದ.
ಕಟ್ಟಿಗೆ ಮಾರುವವನು. ಹೋದ ಏಪ್ರಿಲ್ಲಿನಲ್ಲಿ
ನಮ್ಮ ಮನೆಗೂ ಎರಡು ಟನ್ ಇಳಿಸಿ
ಹಣ ಎಣಿಸದೆ ಜೇಬಿಗಿಟ್ಟವನು.
ಮೂವತ್ತು ಚಳಿಗಾಲ ಅರ್ಧ ಊರನ್ನು ಬೆಚ್ಚಗಿಟ್ಟ ಕೈ,
ಹಿಡಿದರೆ ಕೊರೆಯುವಷ್ಟು ತಣ್ಣಗೆ.
"ಚೆನ್ನಾಗಿ... ಉರೀತಾ... ಇದೆಯಾ?"
ಮೂರು ಪದಕ್ಕೆ ಮೂರು ಉಸಿರು.
ಚೆನ್ನಾಗಿ ಉರೀತಿದೆ ಎಂದೆ.
ಅವನು ಕಣ್ಣು ಮುಚ್ಚಿಕೊಂಡು, ತುಂಬ ಹೊತ್ತಿನ ಮೇಲೆ,
"ಸ್ವಲ್ಪ ಹಸಿ ಇತ್ತು" ಎಂದ.

ಬೆಳಗ್ಗೆ ಎಂಟಕ್ಕೆ ನನ್ನ ರಸ್ತೆಯ ತಿರುವು.
ನಮ್ಮ ಚಿಮಣಿಯ ಹೊಗೆ ಮೇಲೇರಲಾರದೆ
ತಗಡಿನ ಮೇಲೆ ಜಾರಿ, ಬೇಲಿ ದಾಟಿ
ಪಕ್ಕದ ಮನೆಯ ಕಿಟಕಿಗೆ ಮುಖವಿಟ್ಟಿತ್ತು.
ನನಗೆಂದೇ ಬೆಂಕಿ ಸಾಯದಂತೆ
ಗಾಳಿಕಿಂಡಿ ಮುಕ್ಕಾಲು ಮುಚ್ಚಿ, ಗಂಡ ಮಲಗಿದ್ದ.
ಒಲೆಯ ಪಕ್ಕ ನನ್ನ ಚಪ್ಪಲಿ, ಬೆಚ್ಚಗೆ,
ಬೆರಳು ನನ್ನ ಕಡೆ ಮಾಡಿ.
ಕಿಂಡಿ ಪೂರ್ತಿ ತೆರೆದೆ. ಜ್ವಾಲೆ ಒಮ್ಮೆ ನೆಟ್ಟಗಾಯಿತು.
ಆರಿಸಲಿಲ್ಲ.

ಫೋನು. ಇವತ್ತು ರಾತ್ರಿಯೂ ಬರಬಹುದೇ,
ಇಬ್ಬರು ನರ್ಸುಗಳಿಗೆ ಕೆಮ್ಮು.
ಬರುತ್ತೇನೆ ಎಂದೆ,
ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ
ಎರಡೂ ಅಂಗೈ ಬೆಂಕಿಗೊಡ್ಡಿ.