ಸೀಸೆಯಲ್ಲಿ ನಲವತ್ತಮೂರು

ಬಂದರಿನ ಒಣಮೆಣಸಿನ ಗೋದಾಮಿನ ಮೇಲೆ ನನ್ನ ಕ್ಲಿನಿಕ್.
ಪೇಶಂಟು ಬಾಯಿ ತೆರೆಯುವ ಮೊದಲೇ ಸೀನುತ್ತಾನೆ.
ಒಂಬತ್ತು ವರ್ಷವಾಯಿತು, ನನಗೀಗ ಸೀನು ಬರುವುದಿಲ್ಲ.

ಫಾರ್ಮಿನಲ್ಲಿ ಒಂದು ಚೌಕ ಇತ್ತು: ವಿದೇಶದಲ್ಲಿ ಕಲಿತವರು.
ಟಿಕ್ಕು ಹಾಕಿದೆ.
ಕಿಟಕಿಯಾಚೆ ಫೆರಿ, ಫೆರಿಯಾಚೆ ಬೆಂಗ್ರೆ,
ನಾನು ಹುಟ್ಟಿದ ಹೊಯ್ಗೆ.
ಕೂತ ಕುರ್ಚಿಯಿಂದ ಏಳದೆಯೇ ವಿದೇಶದವಳಾದೆ.

ಈಗ ಎರಡು ಪತ್ರ.
ಒಂದು ದೊಡ್ಡ ವಿಶ್ವವಿದ್ಯಾಲಯದ್ದು. ಎರಡು ವರ್ಷ, ಕೊನೆಗೆ ಪದವಿ.
ಫೀಸಿನ ಸೊನ್ನೆಗಳನ್ನು ಫ್ಲೇವಿ
ಬೆರಳಲ್ಲಿ ಮುಚ್ಚಿ ಮುಚ್ಚಿ ಎಣಿಸಿದಳು,
ಮತ್ತೆ ಹೋಗಿ ಉಪಕರಣ ತೊಳೆದಳು.
ಇನ್ನೊಂದು ಯಾವುದೋ ರೇವಿನ ಊರಿನ ಆಸ್ಪತ್ರೆಯದು.
ಒಂದೇ ವರ್ಷ. ಸ್ಟೈಪೆಂಡು ಅವರೇ ಕೊಡುತ್ತಾರೆ.
ಪದವಿ ಇಲ್ಲ, ಸರ್ಟಿಫಿಕೇಟು.
ಅದನ್ನು ಯಾವ ರಾಜ್ಯ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ,
ಆ ಪಟ್ಟಿ ಆಗಾಗ ಬದಲಾಗುತ್ತದಂತೆ,
ನಮ್ಮ ಅಳಿವೆಬಾಗಿಲಿನ ಮರಳುದಿಬ್ಬದ ಹಾಗೆ.

"ಹೆಸರು ನೋಡು ಮಾರಾಯ್ತಿ," ಅಲ್ಲಿಂದ ರೆನಿಟಾ.
"ಬಡ್ಡಿ ನೋಡು," ಸೊಸೈಟಿ ಬ್ಯಾಂಕಿನ ಭಾವ.
ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನಲು ಹೊರಟ ಅತ್ತೆಯನ್ನು
ಕೈಯೆತ್ತಿ ತಡೆದೆ.
ವಾರಕ್ಕೆ ಮೂರು ಸಲ ಕೇಳುವ ಗಾದೆ ಅದು,
ಬಾಯಲ್ಲಿ ಹತ್ತಿ ತುರುಕಿದರೂ ಹೇಳುತ್ತಾರೆ.

ಬೆಂಚ್ ಟೆಸ್ಟಿಗೆಂದು ಕೂಡಿಟ್ಟದ್ದು ಈ ಸೀಸೆ.
ಹಿಂದೆ ಇದರಲ್ಲಿ ಉಪ್ಪಿನಕಾಯಿ ಇತ್ತು. ಈಗ ಫಾರ್ಮಲಿನ್,
ನಲವತ್ತಮೂರು ಹಲ್ಲು.
ರಾತ್ರಿ ಒಂದೊಂದನ್ನೇ ಪ್ಲಾಸ್ಟರಿನಲ್ಲಿ ನೆಟ್ಟು
ಕೊರೆದೆ, ತುಂಬಿದೆ.
ಬಾಯಲ್ಲಿದ್ದಾಗ ತುಂಬಿಸಲು ಯಾರೂ ಬಂದಿರಲಿಲ್ಲ.
"ಕಿತ್ತು ಬಿಡಿ ಡಾಕ್ಟ್ರೇ, ನಾಳೆ ಬೋಟು ಹೊರಡ್ಲಿಕ್ಕುಂಟು."
ಕಿತ್ತೆ. ಇನ್ನೂರು ರೂಪಾಯಿ.
ಸತ್ತ ಮೇಲಿನ ಈ ಚಿಕಿತ್ಸೆ ಧರ್ಮಕ್ಕೆ.

ಮಯ್ಯದ್ದಿಚ್ಚನ ಬಾಚಿಹಲ್ಲನ್ನು ಮಾತ್ರ ಮುಟ್ಟಲಿಲ್ಲ.
ಬಲೆ ರಿಪೇರಿಯವರು. ಐವತ್ತು ವರ್ಷ ದಾರ ಕಚ್ಚಿ ಕಚ್ಚಿ
ಅಂಚಿನಲ್ಲೊಂದು ಕಚ್ಚು,
ಉಗುರಿಟ್ಟರೆ ಕೂರುವಷ್ಟು.
ಹುಳುಕಲ್ಲ. ರೋಗವಲ್ಲ. ಕೆಲಸ.

ಸಂದರ್ಶನ ನಮ್ಮ ನಡುರಾತ್ರಿಗೆ.
ವಿಶ್ವವಿದ್ಯಾಲಯದ ಮೂವರ ನಗುವೂ ಒಂದೇ ಅಳತೆಯ ಬಿಳಿ.
ಕೇಳಲಿಕ್ಕೇನಾದರೂ ಉಂಟೇ, ಎಂದರು.
ನಿಮ್ಮ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಎಂದೆ.
"ಎಲ್ಲ ಬಗೆಯ ರೋಗಿಗಳು."
ಆಸ್ಪತ್ರೆಯ ಮುದಿ ಡಾಕ್ಟರಮ್ಮ ಅದೇ ಪ್ರಶ್ನೆಗೆ
ಕನ್ನಡಕ ತೆಗೆದು ಒರೆಸಿದರು.
"ಚಿಪ್ಪು ಹೆಕ್ಕುವ ಬೋಟಿನವರು.
ಕಿತ್ತು ಬಿಡಿ ಅನ್ನುತ್ತಾರೆ. ಬೇಡ ಅನ್ನಲು ಕಲಿಯುವುದಕ್ಕೆ
ಒಂದು ವರ್ಷ—"
ಇಲ್ಲಿ ಕರೆಂಟು ಹೋಯಿತು.

ಅಷ್ಟಕ್ಕೇ ತೀರ್ಮಾನ ಆಯಿತೆಂದು ತಿಳಿಯಬೇಡಿ.
ದೊಡ್ಡ ಹೆಸರಿನ ಆಸೆ ನನಗೂ ಉಂಟು.
ಸರ್ಟಿಫಿಕೇಟು ನಡೆಯದಿದ್ದರೆ ಮತ್ತೆ ಅದೇ ಫಾರ್ಮು,
ಅದೇ ಚೌಕ, ವಯಸ್ಸು ಮಾತ್ರ ಬೇರೆ.

ಇವತ್ತು ಒಂಬತ್ತೂವರೆಗೆ ಗಡುವು.
ಒಂಬತ್ತಕ್ಕೆ ಫ್ಲೇವಿ ಅರ್ಧ ಎಳೆದ ಶಟರಿನಡಿ ಬಗ್ಗಿ
ಮಯ್ಯದ್ದಿಚ್ಚ ಮೆಟ್ಟಿಲು ಹತ್ತಿ ಬಂದರು. ಸೀನಿದರು.
ಕತ್ತರಿ ಕೈಗೆ ಒಗ್ಗುವುದಿಲ್ಲವಂತೆ.
ಹಲ್ಲು ಕಟ್ಟಿಸಬೇಕಂತೆ. ಆದರೆ
"ಆ ಕಚ್ಚು ಉಂಟಲ್ಲ, ಅದು ಇರ್ಬೇಕು. ಇಲ್ಲದಿದ್ರೆ
ದಾರ ಎಲ್ಲಿ ಕೂರುದು?"

ಐದು ವರ್ಷ ಓದಿದೆ, ಒಂಬತ್ತು ವರ್ಷ ಕಿತ್ತೆ.
ಸವೆದ ಹಲ್ಲನ್ನು ಸವೆದ ಹಾಗೆಯೇ ಕಟ್ಟಿಕೊಡಲು
ಯಾರೂ ಕಲಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಚ್ಚಿನ ಗುಲಾಬಿ ಹಿಟ್ಟು ಕಲಸಿ ಅವರ ಬಾಯಿಗೊತ್ತಿದೆ.
ಗಟ್ಟಿಯಾಗಲು ಮೂರು ನಿಮಿಷ, ಅಲುಗಾಡಬೇಡಿ.
ಎಡಗೈ ಅವರ ಬಾಯಲ್ಲಿ.
ಬಲಗೈಯ ಗ್ಲೌಸನ್ನು ಫೋನು ಗುರುತಿಸಲಿಲ್ಲ.
ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದೆ,
ಚಿಪ್ಪಿನ ಊರಿಗೆ ಹೂಂ ಎಂದೊತ್ತಿದೆ.

ಮಯ್ಯದ್ದಿಚ್ಚ ಹುಬ್ಬೆತ್ತಿ ಏನೋ ಕೇಳಿದರು,
ಬಾಯ್ತುಂಬ ಗುಲಾಬಿ.
"ಇನ್ನೊಂದು ನಿಮಿಷ," ಎಂದೆ.
ಕೆಳಗೆ ಫೆರಿಯವನು ಕೊನೆಯ ಟ್ರಿಪ್ಪಿಗೆ ಕೂಗುತ್ತಿದ್ದ.