ಬಿಳಿ ವೋಲ್ಗಾದ ಅಂಟು

ಬ್ಲೇಡು ಬೇಡ, ಗೇಲಾ. ಕೆಳಗಿಡು.
ಬ್ಲೇಡಿಗೆ ಅಂಟೂ ಒಂದೇ, ಕ್ರೋಮೂ ಒಂದೇ.
ಅಗೋ, ಬಾಗಿಲ ಪಟ್ಟಿಯ ಮೇಲಿನ ಆ ಗೀರುಗಳು
ನಿನ್ನ ಮಾವ ಪಾತ್ರೆ ತಿಕ್ಕುವ ತಂತಿಯಲ್ಲಿ ಉಜ್ಜಿದ್ದು.
ಇಪ್ಪತ್ತೆರಡು ವರ್ಷವಾಯಿತು,
ಬಿಸಿಲು ಬಿದ್ದಾಗಲೆಲ್ಲ ಇನ್ನೂ ಚಾಡಿ ಹೇಳುತ್ತವೆ.

ಮೊದಲು ಬಿಸಿ. ಕೂದಲು ಒಣಗಿಸುವ ನನ್ನ ಯಂತ್ರ ತಾ,
ಒಂದು ಗೇಣು ದೂರದಲ್ಲಿ ಹಿಡಿ,
ಅಂಟು ಬೆವರುವ ತನಕ.
ಆಮೇಲೆ ಸೂರ್ಯಕಾಂತಿ ಎಣ್ಣೆ, ಹಳೆಯ ಬನಿಯನ್ನಿನ ತುಂಡು;
ಹಚ್ಚಿ, ಹೊದಿಸಿ, ಬಿಟ್ಟುಬಿಡು.
ಒಂದು ಕಾಫಿ ಕುಡಿದು ಬಾ. ಎರಡಾದರೂ ನಷ್ಟವಿಲ್ಲ.
ಕೊನೆಗೆ ಅವಧಿ ಮುಗಿದ ಈ ಬ್ಯಾಂಕಿನ ಕಾರ್ಡು
(ನಮ್ಮನ್ನು ಸಾಲಕ್ಕೆ ಹಾಕಿದ್ದು, ಹೀಗಾದರೂ ದುಡಿಯಲಿ),
ಅಂಚು ಹಿಡಿದು ಮೆಲ್ಲಗೆ ತಳ್ಳು.
ಉರುಳುರುಳಿ ಬರುತ್ತದೆ, ಮೈಯ ಮಣ್ಣಿನ ಹಾಗೆ.

"ಚಾಚಾ ಹಾಕು, ಚಾಚಾ!" ಬಾಲ್ಕನಿಯಿಂದ ನೋದಾರಿಯ ಕೂಗು.
ಹಾಕಬಹುದು. ದ್ರಾಕ್ಷಿ ಸಾರಾಯಿಗೆ ಕರಗದ್ದು ಏನಿದೆ?
ಆದರೆ ಬಾಟಲಿ ಮೆಟ್ಟಿಲಿಳಿದು ಬರುವಷ್ಟರಲ್ಲಿ
ಅರ್ಧ ಆವಿಯಾಗಿರುತ್ತದೆ.
ಪೊರೆ ಬಂದು ಸ್ಟೀರಿಂಗು ಬಿಟ್ಟ ಆ ಕಣ್ಣಿಗೆ
ದಾಳದ ಚುಕ್ಕಿ ಮಾತ್ರ ಹೇಗೆ ಕಾಣುತ್ತದೋ!

ಮೂವತ್ತೊಂದು ವರ್ಷ ಅವನು ಓಡಿಸಿದ, ನಾನು ಕಟ್ಟಿದೆ.
ಕುತಾಯಿಸಿಯ ಮದುಮಕ್ಕಳೆಲ್ಲ (ಎಲ್ಲರೂ ಅಲ್ಲ, ಕೈ ಬಿಗಿಯಿದ್ದವರು)
ದಿಬ್ಬದ ಮೇಲಿನ ದೊಡ್ಡ ಇಗರ್ಜಿಗೆ ಇದರಲ್ಲೇ ಹೋದರು.
ಹಿಂದಿನ ರಾತ್ರಿ ರಿಬ್ಬನ್ನು, ಕಾಗದದ ಗುಲಾಬಿ
ಟೇಪಿನಲ್ಲಿ ಕ್ರೋಮಿಗೆ ಮೆತ್ತುತ್ತಿದ್ದೆ,
ಮರುದಿನ ಕೀಳುತ್ತಿದ್ದೆ.
ರಿಬ್ಬನ್ನು ಬರುತ್ತಿತ್ತು, ಅಂಟು ಉಳಿಯುತ್ತಿತ್ತು,
ಅದರ ಮೇಲೆಯೇ ಮುಂದಿನ ಶನಿವಾರದ ಮದುವೆ.

ಈ ಹಳದಿ ಪದರ ಹಲ್ಲಿನ ಡಾಕ್ಟರ ಮಗಳದ್ದು:
ದಾರಿಯುದ್ದಕ್ಕೂ ಗಂಡಿನ ಜೊತೆ ಜಗಳವಾಡುತ್ತ ಹೋದಳು,
ಈಗಲೂ ಒಟ್ಟಿಗಿದ್ದಾರೆ, ಜಗಳವಾಡುತ್ತ.
ಇದು ಪೆಟ್ರೋಲೇ ಸಿಗದ ಚಳಿಗಾಲದ್ದು:
ಗಂಡಿನ ಅಣ್ಣತಮ್ಮಂದಿರು ಹಿಂದಿನಿಂದ ತಳ್ಳಿದರು,
ಮದುಮಗಳು ಮುಂದೆ ಕೂತು ಹಾರನ್ನು ಬಾರಿಸಿದಳು.

ಬಲದೀಪದ ಬಳೆಯ ಕೆಳಗಿನದು ಮಾತ್ರ ಬಿಡುವುದಿಲ್ಲ,
ಹೆಪ್ಪುಗಟ್ಟಿದ ಜೇನಿನ ಹಾಗೆ, ಕಪ್ಪಗೆ.
ಅದು ನಮ್ಮ ಮೊದಲ ಬಾಡಿಗೆ. ತ್ಸಿಯಾಲಾ ಅಂತ ಹುಡುಗಿ.
ನನ್ನ ಎರಡು ಬಳೆ ಮಾರಿ ಕ್ರೋಮು ಹೊಸದಾಗಿ ಹಾಕಿಸಿದ್ದೆವು.
ಸೇತುವೆಯ ಮೇಲೆ "ನಿಲ್ಲಿಸಿ" ಎಂದಳು,
ಇಳಿದಳು, ಬಿಳಿ ಜೋಡು ಕೈಯಲ್ಲಿ ಹಿಡಿದು
ಪೋತಿಯ ಕಡೆ ಹೊರಟ ವ್ಯಾನು ಹತ್ತಿದಳು.
ಯಾರೂ ಹಿಂದೆ ಓಡಲಿಲ್ಲ.
ಕೆಳಗೆ ರಿಯೋನಿ ತನ್ನಷ್ಟಕ್ಕೆ ಸದ್ದು ಮಾಡುತ್ತಿತ್ತು.
ಆ ರಿಬ್ಬನ್ನು ಕೀಳಲು ನನಗೆ ಕೈ ಏಳಲಿಲ್ಲ.
ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಬೆಂದು, ತಾನೇ ಉದುರಿತು.
ಆಗದ ಮದುವೆಯ ಅಂಟೇ ಎಲ್ಲಕ್ಕಿಂತ ಗಟ್ಟಿ.
ನಗಬೇಡ. ಉಜ್ಜು.

ಬಂತೇ? ಸರಿ, ತೋರಿಸು.
ಅಯ್ಯೋ ದೇವರೇ.
ಅಡಿಯ ಕ್ರೋಮು ಅವತ್ತಿನದೇ ಇದೆಯಲ್ಲೋ!
ಒಂದು ಚುಕ್ಕೆ ತುಕ್ಕಿಲ್ಲ. ಹೆಬ್ಬೆರಳಗಲ ಜಾಗದಲ್ಲಿ
ನನ್ನ ಮೂಗು, ಮೂಗಿನ ಮಚ್ಚೆ ಸಮೇತ.
ನಾವು ವಾರವಾರ ಒರೆಸಿ ಕಾಪಾಡಿದ್ದೆಲ್ಲ
ಸಿಡುಬು ಬಂದ ಮುಖವಾಗಿದೆ,
ಇಷ್ಟು ದಿನ ಕಾಣುತ್ತಲೇ ಇರಲಿಲ್ಲ,
ಈಗ ಇದರ ಪಕ್ಕದಲ್ಲಿ ಕಾಣುತ್ತಿದೆ.

ಭಾನುವಾರ ಬತುಮಿಯವನು ಬರುತ್ತಾನೆ, ದುಡ್ಡು ಹಿಡಿದು.
ಈ ಹೊಳಪು ಕಂಡರೆ ಉಳಿದದ್ದಕ್ಕೆ ಬೆಲೆ ಇಳಿಸುತ್ತಾನೆ.
ಮೇಜಿನ ಖಾನೆಯಲ್ಲಿ ಟೇಪಿದೆ, ಒಂದು ತುಂಡು ರಿಬ್ಬನ್ನೂ. ತಾ.

"ಹೋಯಿತಾ?" ಮೇಲಿನಿಂದ ಕೇಳುತ್ತಿದ್ದಾನೆ, ಕೇಳಿಸಿತೇ?
ಇನ್ನೂ ಇಲ್ಲ ಅನ್ನು, ಗೇಲಾ.
ಎಣ್ಣೆ ಹಚ್ಚಿದ್ದೇವೆ,
ನೆನೆಯುತ್ತಿದೆ ಅನ್ನು.