ಬೋರ್ಡಿನ ಕರಡಿ

ಇಪ್ಪತ್ತೊಂಬತ್ತು ವರ್ಷ ಬರೆದಿದ್ದೇನೆ ಕರಡಿ.
ಅರಣ್ಯ ಇಲಾಖೆಯ ತಗಡು, ಹಳದಿ ಮೈಗೆ ಕರಿ ಬಣ್ಣ,
‘ಕರಡಿ ಓಡಾಡುವ ಜಾಗ, ಎಚ್ಚರಿಕೆ’,
ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಷ್ಟು:
ದಸ್ತಗೀರ್ ಆರ್ಟ್ಸ್, ಅರಸೀಕೆರೆ.

ನೋಡಿಲ್ಲ ಒಂದನ್ನೂ.
ಮಾದರಿಗಿದ್ದದ್ದು ಬೆಂಕಿಪೊಟ್ಟಣದ ಚಿತ್ರ;
ಅದು ಹಿಮದ ನಾಡಿನದು ಅಂತ ಆಮೇಲೆ ಗೊತ್ತಾಯಿತು.
ಕಿವಿ ನಾಯಿಯದು ಹಾಕಿದೆ,
ನಿಂತ ಠೀವಿ ನಮ್ಮ ಠಾಣೆಯ ದಫೇದಾರನದು.

ಹಾಸನದ ಕಣ್ಣಾಸ್ಪತ್ರೆಯಲ್ಲಿ ಹೇಳಿದರು:
ಎಡಗಣ್ಣಿನ ನರ ಒಣಗಿದೆ,
ಬಲಗಣ್ಣು ಇರುವಷ್ಟು ದಿನ ಇರುತ್ತದೆ.
ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ,
ನೋಡಬೇಕಾದ್ದು ಏನು ಉಳಿಯಿತು ಅಂತ.
‘ಬೇಟೆಗೆ ಹೋಗ್ತೀನಿ’ ಅಂದೆ ಜೈಬುನ್‌ಗೆ.
‘ಕೋವಿ?’
‘ಇದೇ’ ಅಂತ ಬಲಗಣ್ಣು ತೋರಿಸಿದೆ.
ನಕ್ಕಳು, ಆಮೇಲೆ ಒಲೆ ಕಡೆ ತಿರುಗಿ ತುಂಬ ಹೊತ್ತು ನಿಂತಳು.

ಖಾಲಿ ಟರ್ಪೆಂಟೈನ್ ಡಬ್ಬಿಗೆ ವಾರಕ್ಕೆ ಇನ್ನೂರು.
ಹತ್ತು ತಿಂಗಳು. ನಡುವೆ ಎರಡು ಸಲ ಗ್ಯಾಸಿಗೆ ತೆಗೆದೆವು.
ರೇಂಜ್ ಆಫೀಸಿನಲ್ಲಿ ಚೀಟಿ ಕೊಟ್ಟರು,
‘ಬೋರ್ಡ್ ಸಾಬ್ರು ತಾನೆ, ಹೋಗಿ ಬನ್ನಿ, ಸೂರ್ಯ ಮುಳುಗಿದ ಮೇಲೆ ನಿಲ್ಲಬೇಡಿ.’

ದಾರಿ ತೋರಿಸಲು ತಾಂಡಾದ ರೇಕ್ಯಾನಾಯ್ಕ.
ಅವನ ಅಪ್ಪನ ಕೇಪಿನ ಕೋವಿ ಠಾಣೆ ಸೇರಿ ತುಕ್ಕಾಯಿತು,
ಅವನ ಬಲಗಣ್ಣು, ಅರ್ಧ ಕೆನ್ನೆ
ಬೋರೆಹಣ್ಣು ಆರಿಸುತ್ತಿದ್ದ ಬೆಳಿಗ್ಗೆ ಕರಡಿ ಸೇರಿತು.
ನನಗೂ ಅವನಿಗೂ ಸೇರಿ ಒಂದು ಜೊತೆ ಕಣ್ಣು.

ಅವನ ಷರತ್ತು:
ಅತ್ತರು ಬೇಡ, ಬೀಡಿ ಬೇಡ, ತಲೆಗೆ ಎಣ್ಣೆ ಬೇಡ,
ಕೈಯ ಪೇಂಟಿನ ವಾಸನೆ ಇಳಿಯಲು ಮೂರು ದಿನ ಬ್ರಷ್ ಮುಟ್ಟಬೇಡಿ,
ಬೆಟ್ಟದಲ್ಲಿ ಅದರ ಹೆಸರು ಎತ್ತಬೇಡಿ, ಅಣ್ಣ ಅನ್ನಿ.
ಮೂರನೇ ರಾತ್ರಿ ನನ್ನ ಕೈ
ಎಷ್ಟೋ ವರ್ಷದ ಮೇಲೆ ಬರೀ ಕೈಯ ಹಾಗೆ ನಾರಿತು.

ಮೊದಲ ಸಂಜೆ ಬಂಡೆಯ ಕಾವು, ದೂರ ಜಂಕ್ಷನ್ನಿನ ಕೂಗು.
ಎರಡನೇ ಸಂಜೆ ಹಿಕ್ಕೆ.
ಕಡ್ಡಿಯಲ್ಲಿ ಕೆದಕಿ, ಚಿನಿವಾರನ ಹಾಗೆ ಬಗ್ಗಿ,
‘ಕವಳೆ ಬೀಜ. ನಿನ್ನೇದು’ ಅಂದ.
ಆಯುಧ ಅಂತ ಅವನ ಹತ್ತಿರ ಇದ್ದದ್ದು ಒಂದು ಕರಿ ಕೊಡೆ.
ಮೇಲೆ ಬಿದ್ದರೆ ಫಟ್ ಅಂತ ಬಿಚ್ಚಬೇಕಂತೆ.

ಮೂರನೇ ಸಂಜೆ, ಮೊದಲು ಸದ್ದು.
ಎಲೆಯಲ್ಲಿ ಪಾಯಸ ಎಳೆದ ಹಾಗೆ, ಸೊರ್ ಸೊರ್,
ಹುತ್ತದ ಬಾಯಿಗೆ ಮೂತಿಯಿಟ್ಟು ಗೆದ್ದಲು ಹೀರುತ್ತಿತ್ತು.
ಕರಿಯಲ್ಲ ಅದು.
ಧೂಳು, ಒಣಹುಲ್ಲು, ಕೆಮ್ಮಣ್ಣು, ತೆಂಗಿನ ನಾರು,
ನನ್ನ ಯಾವ ಡಬ್ಬಿಯಲ್ಲೂ ಇಲ್ಲದ್ದು.
ಬೆನ್ನ ಮೇಲೆ ಎರಡು ಮರಿ, ಮೂಟೆ ಮೇಲೆ ಮೂಟೆ.

ಗಾಳಿ ತಿರುಗಿತು. ಎದ್ದು ನಿಂತಿತು.
ಒಂದು ಮರಿ ಜಾರಿ ಬಿದ್ದು ಹತ್ತಲು ಪರದಾಡಿತು.
ಎದೆಯ ಮೇಲೆ ಬಿಳಿ ಲಾಳ,
ಒಂದೇ ಎಳೆತ, ತಿದ್ದಿಲ್ಲ;
ಬರೆದವನು ಬ್ರಷ್ ಎತ್ತಿ ಹೋದ ಹಾಗಿತ್ತು.
ನಮ್ಮನ್ನು ಮೂಸಿತು, ಅಕ್ಷರ ಕೂಡಿಸಿ ಓದುವ ಮಗುವಿನಷ್ಟು ನಿಧಾನ.
ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತಾರೆ.
ಅವತ್ತು ಪೂಜೆ ಅದರದು, ನಡುವೆ ಬಿಟ್ಟದ್ದು ನಮ್ಮನ್ನು.
ರೇಕ್ಯಾನ ಕೊಡೆ ನಡುಗುತ್ತಿತ್ತು, ಬಿಚ್ಚಲಿಲ್ಲ.

ಹೋಯಿತು.
ಬಹಳ ಹೊತ್ತಿನ ಮೇಲೆ ಕೇಳಿದೆ, ನಿನ್ನ ಕಣ್ಣು ತೆಗೆದದ್ದು ಇದೇನಾ?
‘ಗೊತ್ತಿಲ್ಲ ಸಾಬ್ರೆ,
ಅವತ್ತು ನಾನು ನೋಡಿದ್ದು ಬಾಯಿ ಮಾತ್ರ.’

ಈಗ ಇಲಾಖೆಗೆ ಫ್ಲೆಕ್ಸು ಬರುತ್ತದೆ.
ಅದರಲ್ಲೂ ಹಿಮದ ಕರಡಿಯೇ.
ಮೊನ್ನೆ ಹಳೇ ತಗಡಿಗೆ ನಾನಾಗಿಯೇ ಏಣಿ ಹಾಕಿದೆ.
ಅಕ್ಷರ ನೆಟ್ಟಗಿದ್ದವು, ಬಿಟ್ಟೆ.
ದಫೇದಾರನನ್ನು ನಾಲ್ಕು ಕಾಲಿಗೆ ಇಳಿಸಿದೆ, ಕಿವಿಗೆ ಕೂದಲು ಕೊಟ್ಟೆ,
ಬಣ್ಣ ಹೊಂದದೆ ಬೆಟ್ಟದ ಮಣ್ಣನ್ನೇ ಕಲೆಸಿದೆ.
‘ಮಳೆಗೆ ತೊಳೆದುಹೋಗ್ತದೆ’ ಅಂದ ರೇಕ್ಯಾ, ಏಣಿ ಹಿಡಿದು.
ಆಮೇಲೆ ರಸ್ತೆಯ ಆಚೆ ಬದಿಗೆ ಹೋಗಿ
ಕತ್ತು ಓರೆ ಮಾಡಿ ನೋಡಿದ.
ಚಿತ್ರ ಹೇಗಿದೆ ಅಂತ ಹೇಳಲಿಲ್ಲ.
‘ಬಾಯಿ ಮುಚ್ಚಿಸಿ ಬರೀರಿ’ ಅಂದ.